ಪರಿಹಾರ ಕೊಟ್ಟದ್ದು ಬೊಕ್ಕಸ, ಉತ್ತರ ಕೊಡಬೇಕಾದವರು ಯಾರು?

ಮಾನ್ಯ ಸಂಪಾದಕರೇ,

ವೀರಪ್ಪನ್ ಬೇಟೆಯ ಹೆಸರಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಣ ಕಾಡಂಚಿನ ಹಳ್ಳಿಗಳಲ್ಲಿ ವಿಶೇಷ ಕಾರ್ಯಪಡೆಯಿಂದ ಹಿಂಸೆಗೆ ತುತ್ತಾದವರಿಗೆ ಮತ್ತು ಸತ್ತವರ ಮನೆಯವರಿಗೆ, ಒಟ್ಟು 89 ಮಂದಿಗೆ, 2 ಕೋಟಿ 80 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರ ಜನವರಿಯಲ್ಲಿ ಶಿಫಾರಸು ಮಾಡಿತು. ಪರಿಹಾರ ಕೊಡುವುದೆಂದರೆ ತಪ್ಪು ನಡೆದಿದೆ ಎಂದು ಒಪ್ಪಿಕೊಳ್ಳುವುದು. ತಪ್ಪು ನಡೆದಿದ್ದರೆ ಅದನ್ನು ಮಾಡಿದವರು, ಮಾಡಿಸಿದವರು, ಗೊತ್ತಿದ್ದೂ ತಡೆಯದವರು ಇರಲೇಬೇಕು. ಇವರಲ್ಲಿ ಮೂರನೆಯವರ ಬಗ್ಗೆ, ಅಂದರೆ ಗೃಹ ಖಾತೆಯನ್ನು ಹೊತ್ತು ವಿಧಾನಸೌಧದಲ್ಲಿ ಕುಳಿತಿದ್ದವರ ಬಗ್ಗೆ, ನಮ್ಮ ರಾಜ್ಯದಲ್ಲಿ ಯಾರೂ ಮಾತೆತ್ತುವುದಿಲ್ಲ. ಈ ಪತ್ರವನ್ನು ಆ ಕಾರಣಕ್ಕೆ ಬರೆಯುತ್ತಿದ್ದೇನೆ.

ಆ ವರ್ಷಗಳಲ್ಲಿ ನಾನು ಕೊಳ್ಳೇಗಾಲ ಸೀಮೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕನಾಗಿದ್ದೆ. ಸರ್ಕಾರದ ಯಾವ ಕಡತದಲ್ಲೂ ಸಿಗದ ಒಂದು ದಾಖಲೆ ನನ್ನ ಕೈಯಲ್ಲಿತ್ತು. ಅದು ಹಾಜರಿ ಪುಸ್ತಕ. ಅಪ್ಪನನ್ನು ಜೀಪಿನಲ್ಲಿ ಕರೆದೊಯ್ದ ಮರುದಿನದಿಂದ ಮಗುವಿನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುತ್ತಿತ್ತು. ಕೆಲವು ಹೆಸರುಗಳ ಮುಂದೆ ಅದು ವರ್ಷದ ಕೊನೆಯವರೆಗೂ ಹಾಗೆಯೇ ಮುಂದುವರಿಯಿತು. ವಾರಗಳ ನಂತರ ಮನೆಗೆ ಮರಳಿದ ಒಬ್ಬ ತಂದೆ ಮಗನನ್ನು ಮತ್ತೆ ಶಾಲೆಗೆ ಸೇರಿಸಲು ಬಂದಾಗ ಅರ್ಜಿಗೆ ರುಜು ಹಾಕಲು ಪೆನ್ನು ಹಿಡಿಯಲಾರದೆ ಹೋದರು. ಅವರ ಭುಜಗಳೆರಡೂ ಕೆಲಸಕ್ಕೆ ಬಾರದಂತಾಗಿದ್ದವು. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಹಗ್ಗದಿಂದ ಮೇಲೆತ್ತಿ ನೇತುಹಾಕುವುದಕ್ಕೆ ಪೊಲೀಸರ ಮಾತಿನಲ್ಲಿ ‘ಏರೋಪ್ಲೇನ್ ಹತ್ತಿಸುವುದು’ ಎನ್ನುತ್ತಾರೆಂದು ನನಗೆ ತಿಳಿದದ್ದು ಆಗ.

ವೀರಪ್ಪನ್‌ನ ಪರವಾಗಿ ಆಡುವ ಮಾತು ನನ್ನಲ್ಲಿ ಒಂದೂ ಇಲ್ಲ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರ ನವೆಂಬರ್‌ನಲ್ಲಿ ಶರಣಾಗುವ ನೆಪ ಹೇಳಿ ಕರೆಸಿ ಕೊಂದವನು ಅವನು. 1992ರ ಆಗಸ್ಟ್‌ನಲ್ಲಿ ಮಿಣ್ಯದ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರನ್ನು, 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿಸಿ 22 ಮಂದಿಯನ್ನು ಬಲಿ ತೆಗೆದುಕೊಂಡ. ಶ್ರೀನಿವಾಸ್ ಅವರ ಹೆಸರನ್ನು ಇನ್ನೊಂದು ಕಾರಣಕ್ಕೂ ಇಲ್ಲಿ ನೆನೆಯಬೇಕು. ವೀರಪ್ಪನ್‌ನ ಹುಟ್ಟೂರು ಗೋಪಿನಾಥಂನಲ್ಲಿ ಅವರು ಜನರ ನಡುವೆ ಬದುಕಿದರು, ಕಾಯಿಲೆ ಬಿದ್ದವರಿಗೆ ಔಷಧಿ ಒದಗಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು, ಕಳ್ಳಸಾಗಣೆಗೆ ಹೋಗುತ್ತಿದ್ದವರು ತಾವಾಗಿ ಬಂದು ಶರಣಾಗುವಂತೆ ಮಾಡಿದರು. ಆ ಊರಿನವರು ಇಂದಿಗೂ ಅವರ ಚಿತ್ರವಿಟ್ಟು ಕೈಮುಗಿಯುತ್ತಾರೆ. ಲಾಠಿ ಎತ್ತದೆಯೂ ಆ ಕಾಡಿನಲ್ಲಿ ಕಾನೂನಿನ ಕೆಲಸ ಮಾಡಬಹುದು ಎಂಬುದನ್ನು ಸರ್ಕಾರದ ಅಧಿಕಾರಿಯೇ ಮಾಡಿ ತೋರಿಸಿದ್ದಾಗ, ಹಿಂಸೆಯೊಂದೇ ದಾರಿಯಾಗಿತ್ತು ಎಂಬ ಸಮರ್ಥನೆಯನ್ನು ನಾನು ಒಪ್ಪಲಾರೆ.

ಪಾಲಾರ್ ಸ್ಫೋಟದ ನಂತರ ನಡೆದದ್ದು ಬೇರೆಯೇ. ಹಳ್ಳಿಗಳಿಂದ ನೂರಾರು ಜನರನ್ನು ಹಿಡಿದು ತರಲಾಯಿತು. ಮಾದಪ್ಪನ ಬೆಟ್ಟದ ಮೇಲಿನ ಕಾರ್ಯಪಡೆಯ ಶಿಬಿರದಲ್ಲಿದ್ದ ಹಿಂಸೆಯ ಕೋಣೆಗೆ ‘ವರ್ಕ್‌ಷಾಪ್’ ಎಂಬ ಹೆಸರೇ ಇತ್ತು. ಹರಕೆ ಹೊತ್ತು ಉಘೇ ಎನ್ನುತ್ತ ಭಕ್ತರು ಹತ್ತುವ ಬೆಟ್ಟದ ಮೇಲೆ, ದೇವಸ್ಥಾನದ ಗಂಟೆಯ ಸದ್ದು ಕೇಳುವಷ್ಟು ಹತ್ತಿರದಲ್ಲಿ, ಕಿವಿಗೂ ಗುಪ್ತಾಂಗಕ್ಕೂ ವಿದ್ಯುತ್ ತಂತಿ ಸಿಕ್ಕಿಸಿ ಬಾಯಿಬಿಡಿಸಲಾಯಿತು ಎಂದು ಸಂತ್ರಸ್ತರು ಹೇಳಿದ್ದಾರೆ. ಹೆಂಗಸರು ತಮ್ಮ ಮೇಲೆ ನಡೆದದ್ದನ್ನು ಅಪರಿಚಿತ ಗಂಡಸರ ಮುಂದೆ ಹೇಳಬೇಕಾಗಿ ಬಂತು. ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿಯನ್ನು ಮಾನವ ಹಕ್ಕುಗಳ ಆಯೋಗ ನೇಮಿಸಿದ್ದು 1999ರಲ್ಲಿ. ನಡುವೆ ನ್ಯಾಯಾಲಯದ ತಡೆಯಾಜ್ಞೆಯಿಂದ ವಿಚಾರಣೆ ನಿಂತು, ಮತ್ತೆ ಆರಂಭವಾಗಿ, ವರದಿ ಬಂದದ್ದು 2003ರಲ್ಲಿ. ಪರಿಹಾರದ ಶಿಫಾರಸು ಬರುವ ಹೊತ್ತಿಗೆ ಪಾಲಾರ್ ಸ್ಫೋಟ ನಡೆದು ಹದಿನಾಲ್ಕು ವರ್ಷ ಸಮೀಪಿಸಿತ್ತು, ವೀರಪ್ಪನ್ ಸತ್ತು ಎರಡು ವರ್ಷ ಕಳೆದಿತ್ತು.

ಹಿಂಸೆ ಅಷ್ಟು ವ್ಯಾಪಕವಾಗಿ ನಡೆದದ್ದು ಕೆಲವು ಪೊಲೀಸರ ಕ್ರೌರ್ಯದಿಂದ ಮಾತ್ರ ಎಂದರೆ ನಂಬಲಾಗುವುದಿಲ್ಲ. ಅದಕ್ಕೆ ಕಾನೂನೇ ಬಾಗಿಲು ತೆರೆದಿತ್ತು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಮಾನ್ಯ ಕಾನೂನಿನಲ್ಲಿ ಸಾಕ್ಷ್ಯವಾಗುವುದಿಲ್ಲ. ಆದರೆ ಭಯೋತ್ಪಾದನೆ ತಡೆಗೆಂದು ತಂದಿದ್ದ ಟಾಡಾ ಕಾಯ್ದೆಯ 15ನೇ ಕಲಂ ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಒಪ್ಪಿತು. ಹೇಳಿಕೆಯೇ ಸಾಕ್ಷ್ಯವಾಗುವಾಗ ಹೇಳಿಕೆ ಪಡೆಯುವ ಬಗೆ ಎಂಥದ್ದಾಗುತ್ತದೆ ಎಂದು ಊಹಿಸಲು ಕಾನೂನು ಓದಿರಬೇಕಾಗಿಲ್ಲ. ಆ ಕಾಯ್ದೆಯಡಿ ಮೈಸೂರು ಜೈಲು ಸೇರಿದವರಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ವಿಶೇಷ ನ್ಯಾಯಾಲಯ 2001ರಲ್ಲಿ ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಎಂಟು ವರ್ಷದ ಹಿಂದೆ ಒಳಗೆ ಹೋದವರು ಹೊರಬರುವ ವೇಳೆಗೆ ಕೆಲವರ ಜಮೀನು ಪರರ ಪಾಲಾಗಿತ್ತು, ಕೆಲವರ ಮಕ್ಕಳಿಗೆ ಅಪ್ಪನ ಗುರುತೇ ಸಿಗಲಿಲ್ಲ.

ಆ ಕೈದಿಗಳಿದ್ದಾರೆ ಎಂಬುದು ಬೆಂಗಳೂರಿಗೆ ತಿಳಿದದ್ದು ಯಾವಾಗ ಎಂಬುದನ್ನೂ ಹೇಳಬೇಕು. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಅಪಹರಿಸಿದ ವೀರಪ್ಪನ್ ತನ್ನ ಬೇಡಿಕೆಗಳಲ್ಲಿ ಟಾಡಾ ಬಂದಿಗಳ ಬಿಡುಗಡೆಯನ್ನೂ ಸಂತ್ರಸ್ತರ ಪರಿಹಾರವನ್ನೂ ಸೇರಿಸಿದ. ವರ್ಷಗಟ್ಟಲೆ ಆ ಬಡವರ ಅರ್ಜಿಗೆ ಕಿವಿಗೊಡದ ಸರ್ಕಾರ ಕೆಲವೇ ದಿನಗಳಲ್ಲಿ ಮೊಕದ್ದಮೆ ಹಿಂಪಡೆಯಲು ಸಿದ್ಧವಾಯಿತು. ಹುತಾತ್ಮ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋಗಿ ಅದನ್ನು ತಡೆದರು. ಮಗನನ್ನು ಕಳೆದುಕೊಂಡ ತಂದೆಯ ಬಗ್ಗೆ ನನಗೆ ಗೌರವವಿದೆ. ಕೈದಿಗಳು ತಪ್ಪಿತಸ್ಥರೋ ಅಲ್ಲವೋ ಎಂಬುದನ್ನು ಅಪಹರಣಕಾರನ ಬೆದರಿಕೆಯ ಮೇಲೆ ತೀರ್ಮಾನಿಸಲು ಹೊರಟ ಮಂತ್ರಿಮಂಡಲದ ಬಗ್ಗೆ ಹಾಗೆ ಹೇಳಲಾರೆ.

1993ರಿಂದ 2007ರ ಜನವರಿಯವರೆಗೆ ವೀರಪ್ಪ ಮೊಯ್ಲಿ, ದೇವೇಗೌಡ, ಜೆ.ಎಚ್. ಪಟೇಲ್, ಎಸ್.ಎಂ. ಕೃಷ್ಣ, ಧರ್ಮಸಿಂಗ್, ಕುಮಾರಸ್ವಾಮಿ ಹೀಗೆ ಆರು ಮಂದಿ ಈ ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. ಕಾಂಗ್ರೆಸ್, ಜನತಾದಳ, ಬಿಜೆಪಿ ಮೂರೂ ಆ ಅವಧಿಯಲ್ಲಿ ಅಧಿಕಾರ ಕಂಡವು. ಇವರಲ್ಲಿ ಯಾರೋ ಒಬ್ಬರು ಹಿಂಸೆಗೆ ಆದೇಶ ಕೊಟ್ಟರು ಎಂಬ ಆರೋಪವನ್ನು ನಾನು ಮಾಡುತ್ತಿಲ್ಲ, ಅಂಥ ಆರೋಪಕ್ಕೆ ಆಧಾರವೂ ನನ್ನಲ್ಲಿಲ್ಲ. ಕಾರ್ಯಪಡೆಗೆ ಹಣ ಮಂಜೂರು ಮಾಡಿದ್ದು, ಅಧಿಕಾರಿಗಳನ್ನು ನೇಮಿಸಿದ್ದು, ದೂರುಗಳು ಬಂದಾಗ ಪೊಲೀಸರ ಮನೋಸ್ಥೈರ್ಯ ಕುಗ್ಗುತ್ತದೆ ಎಂಬ ಮಾತನ್ನು ಮುಂದಿಟ್ಟದ್ದು, 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಹತನಾದ ಮೇಲೆ ಬಹುಮಾನ ಘೋಷಿಸಿದ್ದು, ಇವೆಲ್ಲ ರಾಜಕೀಯ ನಿರ್ಧಾರಗಳೇ. ಗೆಲುವನ್ನು ತಮ್ಮ ಆಡಳಿತದ ಸಾಧನೆಯೆಂದು ಹೇಳಿಕೊಂಡವರು ಆ ಗೆಲುವಿನ ದಾರಿಯಲ್ಲಿ ಮುರಿದ ಭುಜಗಳ ಲೆಕ್ಕವನ್ನೂ ತಮ್ಮ ಹೆಸರಿಗೆ ಬರೆದುಕೊಳ್ಳಬೇಕಾಗಿತ್ತು. ಆ ಹಳ್ಳಿಗಳ ಮುಂದೆ ನಿಂತು ತಪ್ಪಾಯಿತು ಎಂದ ಗೃಹಮಂತ್ರಿಯೊಬ್ಬರೂ ನನ್ನ ನೆನಪಿನಲ್ಲಿಲ್ಲ.

ತಪ್ಪನ್ನು ಕೆಳಗಿನವರ ತಲೆಗೆ ಕಟ್ಟಿ ಮೇಲಿನವರು ಕೈತೊಳೆದುಕೊಳ್ಳುವ ಈ ಪದ್ಧತಿ ನಮ್ಮ ಸೀಮೆಗೆ ಹೊಸದಲ್ಲ. ಕೊಳ್ಳೇಗಾಲ 1956ರವರೆಗೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದೇ ಪ್ರಾಂತ್ಯದಲ್ಲಿ ಕಂದಾಯ ವಸೂಲಿಗಾಗಿ ರೈತರಿಗೆ ಕೊಡುತ್ತಿದ್ದ ಚಿತ್ರಹಿಂಸೆಯ ಬಗ್ಗೆ ಕಂಪನಿ ಸರ್ಕಾರ ನೇಮಿಸಿದ ಆಯೋಗ 1855ರಲ್ಲಿ ವರದಿ ಕೊಟ್ಟಿತು. ಬೆರಳುಗಳನ್ನು ಮರದ ಇಕ್ಕಳದಲ್ಲಿ ಹಿಸುಕುವುದು, ಕುತ್ತಿಗೆಯನ್ನು ಕಾಲಿಗೆ ಬಿಗಿದು ಬಿಸಿಲಲ್ಲಿ ಬಗ್ಗಿಸಿ ನಿಲ್ಲಿಸುವುದು ಮುಂತಾದ ಬಗೆಗಳು ಅದರಲ್ಲಿ ದಾಖಲಾದವು. ಹಿಂಸೆ ನಡೆಯುತ್ತಿರುವುದು ನಿಜ ಎಂದು ಒಪ್ಪಿದ ಆಯೋಗ, ಅದರ ಹೊಣೆಯನ್ನು ಈ ದೇಶದವರೇ ಆದ ಕೆಳದರ್ಜೆಯ ನೌಕರರ ಮೇಲೆ ಹೊರಿಸಿ, ಕಂದಾಯದ ಗುರಿ ನಿಗದಿ ಮಾಡಿ ಹಣ ಎಣಿಸಿಕೊಳ್ಳುತ್ತಿದ್ದ ಐರೋಪ್ಯ ಅಧಿಕಾರಿಗಳಿಗೆ ಇದರಲ್ಲಿ ಸಮ್ಮತಿ ಇರಲಿಲ್ಲ ಎಂದಿತು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ನಂಬಬಾರದೆಂಬ ನಿಯಮ ಕೆಲವೇ ವರ್ಷಗಳಲ್ಲಿ ಕಾನೂನಿನ ಪುಸ್ತಕ ಸೇರಿತು. ಮೇಲಿನವರನ್ನು ಬಿಟ್ಟುಬಿಡುವ ರೂಢಿ ಹಾಗೆಯೇ ಉಳಿಯಿತು. ಇಂದಿಗೂ ಲಾಕಪ್ಪಿನಲ್ಲಿ ಸಾವಾದರೆ ಒಬ್ಬ ಸಬ್ ಇನ್‌ಸ್ಪೆಕ್ಟರ್, ಇಬ್ಬರು ಕಾನ್‌ಸ್ಟೆಬಲ್‌ಗಳು ಅಮಾನತಾಗುತ್ತಾರೆ. ನಲವತ್ತೆಂಟು ಗಂಟೆಯೊಳಗೆ ಕಳವಿನ ಮಾಲು ಸಿಗಬೇಕೆಂದು ಮೇಲಿನಿಂದ ಫೋನು ಮಾಡಿದವರ ಹೆಸರು ಎಲ್ಲೂ ಬರುವುದಿಲ್ಲ.

ಮಂತ್ರಿಗಳನ್ನು ಇದಕ್ಕೆ ಹೊಣೆ ಮಾಡುವುದು ಕಾರ್ಯಸಾಧ್ಯವಲ್ಲ ಎನ್ನುವವರಿಗೆ ಪಕ್ಕದ ಕೇರಳವನ್ನು ತೋರಿಸುತ್ತೇನೆ. ತುರ್ತು ಪರಿಸ್ಥಿತಿಯಲ್ಲಿ, 1976ರ ಮಾರ್ಚ್ 1ರಂದು, ಕಲ್ಲಿಕೋಟೆಯ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್‌ನನ್ನು ಪೊಲೀಸರು ಎತ್ತಿಕೊಂಡು ಹೋಗಿ ಕಕ್ಕಯಂ ಶಿಬಿರದಲ್ಲಿ ಹಿಂಸಿಸಿದರು. ಅವನು ಮತ್ತೆ ಮನೆಗೆ ಬರಲಿಲ್ಲ. ಅಧ್ಯಾಪಕರಾಗಿದ್ದ ತಂದೆ ಈಚರ ವಾರಿಯರ್ ಬಾಗಿಲಿಂದ ಬಾಗಿಲಿಗೆ ಅಲೆದು, ತುರ್ತು ಪರಿಸ್ಥಿತಿ ಮುಗಿದೊಡನೆ ಮಗನನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕೆಂದು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಹುಡುಗ ಬಂಧನದಲ್ಲೇ ಇರಲಿಲ್ಲ ಎಂಬ ಸರ್ಕಾರದ ಮಾತನ್ನು ನ್ಯಾಯಾಲಯ ನಂಬಲಿಲ್ಲ. ಹಿಂಸೆ ನಡೆದಾಗ ಗೃಹಮಂತ್ರಿಯಾಗಿದ್ದು, ಆಗಷ್ಟೇ ಮುಖ್ಯಮಂತ್ರಿಯಾಗಿ ಒಂದು ತಿಂಗಳಾಗಿದ್ದ ಕೆ. ಕರುಣಾಕರನ್ 1977ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ಅವರು ಮುಂದೆ ಮತ್ತೆ ಮುಖ್ಯಮಂತ್ರಿಯಾದರು, ಆ ತಂದೆಗೆ ಮಗನ ಶವವೂ ಸಿಗಲಿಲ್ಲ ಎಂಬುದು ಬೇರೆ ನೋವು. ಆದರೂ ಒಬ್ಬ ವಿದ್ಯಾರ್ಥಿಯ ಲಾಕಪ್ ಸಾವಿಗೆ ಮುಖ್ಯಮಂತ್ರಿಯ ಕುರ್ಚಿ ಉತ್ತರ ಕೊಟ್ಟದ್ದು ನಮ್ಮ ನೆರೆಯಲ್ಲೇ ನಡೆದಿದೆ.

ಇನ್ನೊಂದು ನೆರೆಯ ಉದಾಹರಣೆ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ವಾಚಾತಿ. ಗಂಧದ ಮರ ಬಚ್ಚಿಟ್ಟಿದ್ದಾರೆಂಬ ನೆಪದಲ್ಲಿ 1992ರ ಜೂನ್ 20ರಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳವರು ಆ ಬುಡಕಟ್ಟು ಹಳ್ಳಿಗೆ ನುಗ್ಗಿ ಮನೆಗಳನ್ನು ಹಾಳುಗೆಡವಿ, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. 269 ಆರೋಪಿಗಳಲ್ಲಿ ವಿಚಾರಣೆಯ ವೇಳೆ ಸತ್ತವರನ್ನು ಬಿಟ್ಟು ಉಳಿದ 215 ಮಂದಿಗೂ 2011ರಲ್ಲಿ ಶಿಕ್ಷೆಯಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಅದನ್ನು ಎತ್ತಿಹಿಡಿದ ಮದ್ರಾಸ್ ಹೈಕೋರ್ಟ್, ಅಂದಿನ ಜಿಲ್ಲಾಧಿಕಾರಿ, ಎಸ್‌ಪಿ, ಜಿಲ್ಲಾ ಅರಣ್ಯಾಧಿಕಾರಿಗಳ ಮೇಲೂ ಕ್ರಮ ಕೈಗೊಳ್ಳುವಂತೆ ಹೇಳಿತು. ಆ ಹೆಣ್ಣುಮಕ್ಕಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಟ್ಟು, ಅದರ ಅರ್ಧವನ್ನು ಅತ್ಯಾಚಾರಿಗಳಿಂದಲೇ ವಸೂಲಿ ಮಾಡಲು ಆದೇಶಿಸಿತು. ಮಾದಪ್ಪನ ಬೆಟ್ಟದ ಸಂತ್ರಸ್ತರಿಗೆ ಕೊಟ್ಟ ಪರಿಹಾರಕ್ಕೆ ಮಾತ್ರ ಹಣ ಬಂದದ್ದು ತೆರಿಗೆ ಕಟ್ಟುವ ಸಾಮಾನ್ಯರ ಜೇಬಿನಿಂದ. ಒಂದೇ ಕಾಡಿನ ಎರಡು ಅಂಚುಗಳಲ್ಲಿ ನ್ಯಾಯಕ್ಕೆ ಎರಡು ಅಳತೆ ಇರಬಾರದು.

ಈಗ ಒಂದು ಕಹಿ ಮಾತು. ತುರ್ತು ಪರಿಸ್ಥಿತಿಯ ವಾರ್ಷಿಕ ನೆನಪಿನಲ್ಲಿ ಪ್ರತಿ ಜೂನ್‌ನಲ್ಲಿ ಭಾಷಣಗಳಾಗುತ್ತವೆ. ಕೇಂದ್ರ ಸರ್ಕಾರ 2024ರಲ್ಲಿ ಜೂನ್ 25ನ್ನು ಸಂವಿಧಾನ ಹತ್ಯಾ ದಿವಸ ಎಂದೇ ಘೋಷಿಸಿದೆ. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ನಡೆದದ್ದು ಕಡಿಮೆಯೇನಲ್ಲ. ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆ ಎಂದು ತಿಳಿಯಲು ಅವರ ತಮ್ಮ ಲಾರೆನ್ಸ್‌ರನ್ನು 1976ರ ಮೇ 1ರಂದು ಹಿಡಿದೊಯ್ದ ನಮ್ಮದೇ ಪೊಲೀಸರು ನಡೆಯಲಾಗದಂತೆ ಹೊಡೆದರು. ಅವರ ತಾಯಿ ಆಲಿಸ್ ರಾಷ್ಟ್ರಪತಿಗೆ ಪತ್ರ ಬರೆದು ಮೊರೆಯಿಟ್ಟರು. ಅಸ್ತಮಾದಿಂದ ನರಳುತ್ತಿದ್ದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ತಿಂಗಳುಗಟ್ಟಲೆ ಸರಿಯಾದ ಚಿಕಿತ್ಸೆಯಿಲ್ಲದೆ ಕಳೆದು, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅಂದು ಮುಖ್ಯಮಂತ್ರಿಯಾಗಿದ್ದವರು ದೇವರಾಜ ಅರಸು. ಉಳುವವನಿಗೆ ಭೂಮಿ ಕೊಟ್ಟ ಅರಸರನ್ನು ನಾನು ಇಂದಿಗೂ ಗೌರವಿಸುತ್ತೇನೆ, ಆದರೆ ಆ ಗೌರವ ಈ ಎರಡು ಪ್ರಕರಣಗಳ ಬಗ್ಗೆ ಅವರ ಸರ್ಕಾರವನ್ನು ಪ್ರಶ್ನಿಸದಂತೆ ನನ್ನ ಬಾಯಿ ಕಟ್ಟಬಾರದು. ಹಾಗೆಯೇ ತುರ್ತು ಪರಿಸ್ಥಿತಿಯನ್ನು ಖಂಡಿಸುವವರು, ಅಂದಿನ ಕೈದಿಗಳ ಮೈಮೇಲೆ ಬಿದ್ದ ಪೆಟ್ಟಿಗೂ ಬೆಟ್ಟದ ಸೋಲಿಗರ, ತಮಿಳು ಕೂಲಿಗಳ ಮೈಮೇಲೆ ಬಿದ್ದ ಪೆಟ್ಟಿಗೂ ವ್ಯತ್ಯಾಸ ಏನೆಂದು ಹೇಳಬೇಕು. ಆ ಕೇಂದ್ರ ಕಾರಾಗೃಹವಿದ್ದ ಜಾಗ ಇಂದು ಫ್ರೀಡಂ ಪಾರ್ಕ್. ಅಲ್ಲಿ ಧರಣಿ ಕೂರುವ ಪ್ರತಿ ಪಕ್ಷವೂ ಅಧಿಕಾರಕ್ಕೆ ಬಂದಾಗ ಅದೇ ಪೊಲೀಸ್ ಇಲಾಖೆಯನ್ನು ಅದೇ ರೀತಿ ನಡೆಸಿದೆ.

ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿತು, ಇಂದಿಗೂ ಅನುಮೋದಿಸಿಲ್ಲ. 2010ರ ಮೇ ತಿಂಗಳಲ್ಲಿ ಲೋಕಸಭೆ ಅಂಗೀಕರಿಸಿದ ಚಿತ್ರಹಿಂಸೆ ತಡೆ ಮಸೂದೆ ರಾಜ್ಯಸಭೆಯ ಆಯ್ಕೆ ಸಮಿತಿಗೆ ಹೋಗಿ, 2014ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಸತ್ತಿತು. ಕಾನೂನು ಆಯೋಗ 2017ರಲ್ಲಿ ತನ್ನ 273ನೇ ವರದಿಯೊಂದಿಗೆ ಹೊಸ ಕರಡನ್ನೇ ಸಿದ್ಧಪಡಿಸಿಕೊಟ್ಟಿತು. ಶಾಸನ ಮಾಡಿರೆಂದು ಸಂಸತ್ತಿಗೆ ಆದೇಶಿಸಲಾಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ ಮೇಲೆ ಚೆಂಡು ಪೂರ್ತಿಯಾಗಿ ರಾಜಕಾರಣಿಗಳ ಅಂಗಳದಲ್ಲಿದೆ. ಈ ನಡುವೆ 2017-18ರಿಂದ 2021-22ರವರೆಗಿನ ಐದು ವರ್ಷಗಳಲ್ಲಿ ದೇಶದಲ್ಲಿ ಪೊಲೀಸ್ ವಶದಲ್ಲಿದ್ದಾಗ 669 ಸಾವುಗಳು ದಾಖಲಾಗಿವೆ ಎಂದು ಕೇಂದ್ರ ಗೃಹ ಇಲಾಖೆಯೇ ಸಂಸತ್ತಿಗೆ ತಿಳಿಸಿದೆ.

ದೆಹಲಿಯತ್ತ ಬೆರಳು ತೋರಿಸಿ ನಮ್ಮ ಸರ್ಕಾರ ಸುಮ್ಮನಿರುವಂತಿಲ್ಲ. ಪೊಲೀಸ್ ಮತ್ತು ಕಾರಾಗೃಹ ಎರಡೂ ಸಂವಿಧಾನದ ರಾಜ್ಯಪಟ್ಟಿಯಲ್ಲಿರುವ ವಿಷಯಗಳು. ನಮ್ಮದೇ ಕರ್ನಾಟಕ ಪೊಲೀಸ್ ಕಾಯ್ದೆ, 1963ರ 170ನೇ ಕಲಂ ಪ್ರಕಾರ, ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೃತ್ಯಕ್ಕಾಗಿ ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕು. ಕರ್ತವ್ಯಕ್ಕೆ ಸಂಬಂಧವಿದ್ದರೆ, ಅಧಿಕಾರದ ಮಿತಿ ಮೀರಿದ ಕೃತ್ಯಕ್ಕೂ ಈ ರಕ್ಷಣೆ ಅನ್ವಯಿಸುತ್ತದೆ ಎಂದು 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬೆಂಗಳೂರಿನ ಪ್ರಕರಣವೊಂದರಲ್ಲೇ. ಅಂದರೆ ಪೆಟ್ಟು ತಿಂದವನು ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲು ಗೃಹ ಇಲಾಖೆಯ ಅನುಮತಿ ಪಡೆಯಬೇಕು. ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂನಲ್ಲಿ 120 ದಿನದೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಂತೆಯೇ ಎಂಬ ಒಳ್ಳೆಯ ಮಾತು ಸೇರಿದೆ. ನಮ್ಮ 170ನೇ ಕಲಂಗೆ, ಲಾಕಪ್ ಹಿಂಸೆಗೆ ಈ ರಕ್ಷಣೆ ಇಲ್ಲ ಎಂಬ ಒಂದೇ ಸಾಲನ್ನು ಸೇರಿಸಲು ವಿಧಾನಮಂಡಲವನ್ನು ತಡೆಯುವವರು ಯಾರೂ ಇಲ್ಲ. ಅಲ್ಲಿಯವರೆಗೆ, ಅನುಮತಿ ನಿರಾಕರಿಸುವ ಪ್ರತಿ ಕಡತದ ಮೇಲೂ ಗೃಹ ಸಚಿವರೇ ಕಾರಣ ಬರೆದು ಸಹಿ ಮಾಡಿ, ಅದನ್ನು ಸದನದಲ್ಲಿ ಮಂಡಿಸಬೇಕು. ಕಾನ್‌ಸ್ಟೆಬಲ್‌ಗೆ ಕೊಡುವ ರಕ್ಷಣೆಯ ಕೆಳಗೆ ಮಂತ್ರಿಯ ಹೆಸರು ಇದ್ದರೆ ಮಾತ್ರ, ಠಾಣೆಯೊಳಗೆ ಏನು ನಡೆಯುತ್ತಿದೆ ಎಂದು ಮಂತ್ರಿ ವಿಚಾರಿಸುತ್ತಾರೆ ಎಂದು ನಾನು ನಂಬಿದ್ದೇನೆ.

ಹನೂರು ಮತ್ತು ಕೊಳ್ಳೇಗಾಲ ಕ್ಷೇತ್ರಗಳ ಶಾಸಕರಲ್ಲಿ ನನ್ನ ಮನವಿ ಇಷ್ಟೆ. ಮುಂದಿನ ಅಧಿವೇಶನದಲ್ಲಿ ಗೃಹ ಸಚಿವರಿಗೆ ಚುಕ್ಕೆ ಗುರುತಿನ ಒಂದು ಪ್ರಶ್ನೆ ಕೇಳಿ: ಸದಾಶಿವ ಸಮಿತಿಯ ವರದಿಯ ಮೇಲೆ ಕರ್ನಾಟಕ ಸರ್ಕಾರ ಇದುವರೆಗೆ ಯಾವ ಅಧಿಕಾರಿಯ ಮೇಲೆ ಯಾವ ಕ್ರಮ ಕೈಗೊಂಡಿದೆ, ಆ 89ರ ಆಚೆಗೆ ಉಳಿದ ಸಂತ್ರಸ್ತರಿಗೆ ಏನು ಮಾಡಿದೆ, ಮತ್ತು ಸರ್ಕಾರದ ಪರವಾಗಿ ಸಚಿವರು ಆ ಹಳ್ಳಿಗಳ ಕ್ಷಮೆ ಕೇಳುವರೇ? ಉತ್ತರವನ್ನು ಒದಗಿಸಲಾಗಿದೆ ಎಂದು ಹೇಳಿ ಕಾಗದದ ಕಟ್ಟು ಕೊಡಲು ಅವಕಾಶ ಮಾಡಿಕೊಡಬೇಡಿ. ಸಚಿವರು ಎದ್ದು ನಿಂತು ಅದನ್ನು ಓದಲಿ. ಆ ಹೊತ್ತಿಗೆ ಪೆನ್ನು ಹಿಡಿಯಲಾರದೆ ಹೋದ ನನ್ನ ವಿದ್ಯಾರ್ಥಿಯ ತಂದೆ ಬದುಕಿದ್ದರೆ, ಅವರನ್ನು ಕೈಹಿಡಿದು ಪ್ರೇಕ್ಷಕರ ಗ್ಯಾಲರಿಗೆ ಕರೆತರುವ ಜವಾಬ್ದಾರಿ ನನ್ನದು.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಕೊಳ್ಳೇಗಾಲ